ಕಾಮಾಕ್ಷಿಪಾಳ್ಯದ ಗಾಳಿಯಲ್ಲಿ ಯಾರಿಗೆಷ್ಟು ಜಾಗ?

ಬೆಂಗಳೂರಿನ ಎಫ್‌ಎಂ ಕೇಳುಗರಿಗೆ ಈ ಸಂಖ್ಯೆಗಳು ಬಾಯಿಪಾಠ: 91.1, 91.9, 92.7, 93.5, 94.3. ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್‌ಗಳಲ್ಲಿ, ಮಾಗಡಿ ರಸ್ತೆಯ ಆಟೊಗಳಲ್ಲಿ ದಿನವಿಡೀ ಹಾಡುವ ಕೇಂದ್ರಗಳ ವಿಳಾಸ ಇವು. ಒಂದರಿಂದ ಅದರ ಹಿಂದಿನದನ್ನು ಕಳೆಯಿರಿ, ಪ್ರತಿ ಸಲವೂ ಉಳಿಯುವುದು 0.8. ಇದು ಕಾಕತಾಳೀಯವಲ್ಲ. ಒಂದೇ ಊರಿನ ಎರಡು ಖಾಸಗಿ ಎಫ್‌ಎಂ ಕೇಂದ್ರಗಳ ನಡುವೆ ಕನಿಷ್ಠ 800 ಕಿಲೋಹರ್ಟ್ಸ್ ಅಂತರ ಇರಬೇಕೆಂದು ಸರ್ಕಾರ ಹಾಕಿದ ಗೆರೆ ಅದು. ಒಂದು ಕೇಂದ್ರದ ಹಾಡಿನೊಳಗೆ ಇನ್ನೊಂದರ ಜಾಹೀರಾತು ನುಗ್ಗದಿರುವುದಕ್ಕೆ ಆ ಅಂತರವೇ ಕಾರಣ.

ಬರೀ ಎಫ್‌ಎಂ ಆಗಿದ್ದರೆ ಲೆಕ್ಕ ಸುಲಭವಿತ್ತು. ಇದೇ ಕಾಮಾಕ್ಷಿಪಾಳ್ಯದ ಮೇಲೆ ಆಕಾಶವಾಣಿಯ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ಹಾದುಹೋಗುತ್ತದೆ. ಪೊಲೀಸ್ ಠಾಣೆಯ ವಾಕಿಟಾಕಿ ಬೇರೊಂದು ಕಡೆ ಮಾತಾಡುತ್ತದೆ. ಜೇಬಿನೊಳಗಿನ ಮೊಬೈಲ್ 700ರಿಂದ 3,500 ಮೆಗಾಹರ್ಟ್ಸ್‌ವರೆಗೆ ಹಲವು ಮೆಟ್ಟಿಲುಗಳಲ್ಲಿ ಏರಿಳಿಯುತ್ತದೆ. ಡೆಲಿವರಿ ಹುಡುಗನಿಗೆ ದಾರಿ ತೋರಿಸುವ ಜಿಪಿಎಸ್ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಮೇಲಿನಿಂದ ಇಳಿಯುತ್ತದೆ. ಮನೆ ಮಹಡಿಯ ಡಿಶ್‌ಗೆ ಅದಕ್ಕಿಂತ ಎಷ್ಟೋ ಮೇಲಿನ, ಗಿಗಾಹರ್ಟ್ಸ್ ಲೆಕ್ಕದ ಸಂಕೇತ ಬೇಕು. ಇವೆಲ್ಲ ಒಂದೇ ರಸ್ತೆಯ ಮೇಲೆ, ಒಂದೇ ಕ್ಷಣದಲ್ಲಿ, ಪರಸ್ಪರ ಡಿಕ್ಕಿ ಹೊಡೆಯದೆ ಸಾಗುತ್ತಿವೆ.

ಈ ಶಿಸ್ತಿನ ಹಿಂದಿರುವ ಕಚೇರಿಯ ಹೆಸರು ಜನರ ಬಾಯಲ್ಲಿ ಓಡಾಡಿದ್ದೇ ಇಲ್ಲ. ದೂರಸಂಪರ್ಕ ಇಲಾಖೆಯೊಳಗಿನ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಂಗ್, ಚುಟುಕಾಗಿ ಡಬ್ಲ್ಯುಪಿಸಿ. 1952ರಲ್ಲಿ ಹುಟ್ಟಿದ್ದು. ಅದರ ಜೊತೆಯಲ್ಲೇ ಹುಟ್ಟಿದ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್ ಗಾಳಿಯ ಕಾವಲುಗಾರ. ದೇಶದ ಬೇರೆ ಬೇರೆ ಕಡೆ ಅದರ ಕೇಂದ್ರಗಳಿವೆ, ಬೆಂಗಳೂರಿನಲ್ಲೂ ಒಂದಿದೆ. ಒಬ್ಬರು ಜಾಗ ಕೊಡುತ್ತಾರೆ, ಇನ್ನೊಬ್ಬರು ಕೊಟ್ಟ ಜಾಗದಲ್ಲೇ ಇದ್ದಾರೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ಬೆಲೆ ಎಷ್ಟಿರಬೇಕು, ಹರಾಜು ಹೇಗಿರಬೇಕು ಎಂದು ಶಿಫಾರಸು ಮಾಡುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್, ಬಂದದ್ದು 1997ರಲ್ಲಿ. ಅದರ ಹೆಸರು ದಿನವೂ ಪತ್ರಿಕೆಯಲ್ಲಿ ಬರುತ್ತದೆ, ಆದರೆ ಅಂತಿಮ ನಿರ್ಧಾರ ಅದರದ್ದಲ್ಲ, ಸರ್ಕಾರದ್ದು.

ಕಾನೂನು ಕಚೇರಿಗಿಂತ ಹಳೆಯದು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ, ಈ ಎರಡು ಬ್ರಿಟಿಷ್ ಕಾಲದ ಕಾಯ್ದೆಗಳ ಮೇಲೆಯೇ ಸ್ಮಾರ್ಟ್‌ಫೋನ್ ಯುಗದವರೆಗೂ ದೇಶ ನಡೆಯಿತು. ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದ ಕಾಲ ಹಿರಿಯರಿಗೆ ನೆನಪಿರುತ್ತದೆ. 1980ರ ದಶಕದ ಮಧ್ಯಭಾಗದವರೆಗೂ ಕೇಳುವುದಕ್ಕೂ ಅನುಮತಿ ಬೇಕಿತ್ತು. 2023ರ ಡಿಸೆಂಬರ್‌ನಲ್ಲಿ ಬಂದ ದೂರಸಂಪರ್ಕ ಕಾಯ್ದೆ ಆ ಹಳೆಯ ಎರಡರ ಜಾಗಕ್ಕೆ ಬಂದಿದೆ.

ಹಂಚಿಕೆ ದೆಹಲಿಯಲ್ಲಿ ಶುರುವಾಗುವುದಿಲ್ಲ. ರೇಡಿಯೊ ತರಂಗಕ್ಕೆ ಗಡಿ ಚೆಕ್‌ಪೋಸ್ಟ್ ಇಲ್ಲದ ಕಾರಣ ಮೊದಲ ಗೆರೆ ಎಳೆಯುವುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಐಟಿಯು. ಜಗತ್ತನ್ನು ಅದು ಮೂರು ವಲಯ ಮಾಡಿದೆ, ಭಾರತ ಮೂರನೆಯದರಲ್ಲಿದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಎಲ್ಲ ದೇಶಗಳೂ ಸೇರಿ ಗೆರೆಗಳನ್ನು ತಿದ್ದುತ್ತವೆ. 2023ರ ಸಭೆ ದುಬೈನಲ್ಲಿ ನಡೆಯಿತು. ಆ ಜಾಗತಿಕ ಚೌಕಟ್ಟಿನೊಳಗೆ ಭಾರತ ತನ್ನದೇ ರಾಷ್ಟ್ರೀಯ ತರಂಗಾಂತರ ಹಂಚಿಕೆ ಯೋಜನೆಯನ್ನು ಬರೆಯುತ್ತದೆ. ಬಿಡಿಎ ಬಡಾವಣೆಯ ನಕ್ಷೆಯಲ್ಲಿ ನಿವೇಶನ, ಉದ್ಯಾನ, ರಸ್ತೆ, ಶಾಲೆಗೆಂದು ಗುರುತು ಹಾಕುವಂತೆ, ಇಲ್ಲಿ ವಿಮಾನಯಾನ, ಪ್ರಸಾರ, ಮೊಬೈಲ್, ಸೇನೆ, ಉಪಗ್ರಹ, ಖಗೋಳಶಾಸ್ತ್ರ ಎಂದು ಪಟ್ಟಿ ಪಟ್ಟಿಯಾಗಿ ಗುರುತು ಬೀಳುತ್ತದೆ. ಈ ನಕ್ಷೆ 2002, 2008, 2011, 2018, 2022ರಲ್ಲಿ ಪರಿಷ್ಕರಣೆಗೊಂಡಿದೆ. ನಕ್ಷೆಯಲ್ಲಿ ಜಾಗವಿದ್ದರೂ ಸಾಲದು. ಟವರ್ ನಿಲ್ಲಿಸಲು, ಪ್ರೇಷಕ ಹಚ್ಚಲು ಸಾಕ್‌ಫಾ ಎಂಬ ಸ್ಥಾಯಿ ಸಮಿತಿ ಒಪ್ಪಬೇಕು. ಅದು ವಿಮಾನದ ದಾರಿಗೆ ಅಡ್ಡವೇ, ಪಕ್ಕದ ಸಂಪರ್ಕ ಜಾಲಕ್ಕೆ ತೊಂದರೆಯೇ ಎಂದು ನೋಡುತ್ತದೆ.

ಎಲ್ಲರಿಗೂ ಒಂದೊಂದು ತುಂಡು ಕೊಟ್ಟುಬಿಟ್ಟರೆ ಮುಗಿಯಲಿಲ್ಲವೇ ಎಂದರೆ, ಇಲ್ಲ. ತುಂಡುಗಳು ಒಂದೇ ಸಮ ಅಲ್ಲ. ಕಡಿಮೆ ಕಂಪನಾಂಕದ ಅಲೆ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಹೆಚ್ಚು ಮಾಹಿತಿ ಹೊರುವುದಿಲ್ಲ. ಮೇಲಿನ ಕಂಪನಾಂಕದಲ್ಲಿ ಜಾಗ ವಿಶಾಲ, ವೇಗ ಹೆಚ್ಚು, ಆದರೆ ಓಟ ಚಿಕ್ಕದು. ಕಾಮಾಕ್ಷಿಪಾಳ್ಯದಂಥ ಕಡೆ, ಗೋಡೆಗೆ ಗೋಡೆ ಅಂಟಿದ ಮನೆಗಳು ಮತ್ತು ಶೀಟ್ ಹೊದಿಸಿದ ಸಣ್ಣ ಕಾರ್ಖಾನೆಗಳ ನಡುವೆ, ಇದು ಪಾಠದ ವಿಷಯವಲ್ಲ, ನಿತ್ಯದ ಅನುಭವ. ಲೋಹದ ಶೀಟ್ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. 3,500 ಮೆಗಾಹರ್ಟ್ಸ್‌ನ 5ಜಿ ರಸ್ತೆಯಲ್ಲಿ ಚುರುಕಾಗಿದ್ದು ಒಳಗಿನ ಕೋಣೆಗೆ ಹೋದರೆ ಸೊರಗುತ್ತದೆ, 700ರದ್ದು ನಿಧಾನವಾದರೂ ಒಳಕ್ಕೆ ತಲುಪುತ್ತದೆ.

ಇದೇ ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ, ತಾವರೆಕೆರೆಯ ಆಚೆ ಬ್ಯಾಲಾಳು. ಅಲ್ಲಿ ಇಸ್ರೊದ ದೂರಬಾಹ್ಯಾಕಾಶ ಸಂಪರ್ಕ ಕೇಂದ್ರದ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಎರಡು ಬೃಹತ್ ಡಿಶ್‌ಗಳಿವೆ. 2008ರಲ್ಲಿ ಚಂದ್ರಯಾನ-1ಕ್ಕಾಗಿ ಸಿದ್ಧವಾದ ಕೇಂದ್ರ ಇದು. ಮಂಗಳಯಾನ ಮಾತಾಡಿದ್ದು ಇದರೊಂದಿಗೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವಾಗ ಪೀಣ್ಯದಲ್ಲಿರುವ ಇಸ್ರೊ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಕುಳಿತವರಿಗೆ ಬೇಕಾದ ಸಂಪರ್ಕದ ಬಲವೂ ಇಲ್ಲಿನದೇ. ಬ್ಯಾಲಾಳನ್ನು ಆರಿಸಲು ಅಲ್ಲಿನ ನೆಲದ ಆಕಾರವೂ ಒಂದು ಕಾರಣ. ತಟ್ಟೆಯಂತೆ ತಗ್ಗಾದ ಜಾಗ, ಸುತ್ತಲಿನ ಏರು ನಗರದ ರೇಡಿಯೊ ಗದ್ದಲವನ್ನು ತಡೆಯುತ್ತದೆ.

ಆ ಗದ್ದಲ ಯಾಕಷ್ಟು ಅಪಾಯ ಎಂಬುದನ್ನು ಅಂತರದಿಂದ ಅಳೆಯಬೇಕು. ಚಂದ್ರ 3.84 ಲಕ್ಷ ಕಿಲೋಮೀಟರ್ ದೂರ. ಮಂಗಳ ದೂರ ಸರಿದಾಗ ಸುಮಾರು 40 ಕೋಟಿ ಕಿಲೋಮೀಟರ್. ಅಲ್ಲಿಂದ ಹೊರಟ ಸಂಕೇತ ಇಲ್ಲಿಗೆ ಮುಟ್ಟುವಾಗ ಎಣಿಕೆಗೇ ಸಿಗದಷ್ಟು ಕ್ಷೀಣ. ಅಂಥ ಸಂಕೇತಗಳಿಗೆಂದು ಐಟಿಯು ಗೊತ್ತುಮಾಡಿದ ಪಟ್ಟಿಗಳಲ್ಲಿ ಒಂದು 2290ರಿಂದ 2300 ಮೆಗಾಹರ್ಟ್ಸ್. ಅದರ ಪಕ್ಕದ ಮನೆ ಯಾರದ್ದು? 2300ರಿಂದ 2400. ಭಾರತದಲ್ಲಿ 2010ರಲ್ಲಿ ಬ್ರಾಡ್‌ಬ್ಯಾಂಡ್‌ಗೆಂದು ಹರಾಜಾಗಿ ಈಗ ಬೀದಿ ಬೀದಿಯ ಟವರ್‌ಗಳಲ್ಲಿ 4ಜಿ ಹರಿಸುತ್ತಿರುವ ಪಟ್ಟಿ ಅದು. ಒಂದು ಗೋಡೆಯ ಈಚೆ ಕೋಟ್ಯಂತರ ಫೋನ್‌ಗಳು, ಆಚೆ ಅಂತರಗ್ರಹ ನೌಕೆಯ ಕೊನೆಯುಸಿರಿನಂಥ ದನಿ. ಟವರ್‌ನ ಫಿಲ್ಟರ್ ಸರಿಯಿರಬೇಕು, ಶಕ್ತಿ ಮಿತಿಯಲ್ಲಿರಬೇಕು, ಜಾಗ ದೂರವಿರಬೇಕು. ತರಂಗಾಂತರ ನಿರ್ವಹಣೆ ಎಂದರೆ ಮುಖ್ಯವಾಗಿ ಇದು. ಯಾರು ಮಾತಾಡಬೇಕು ಎಂಬುದರಷ್ಟೇ, ಯಾರು ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬ ತೀರ್ಮಾನ.

ಕೆಲವು ಕಡೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಜಗತ್ತಿನ ಯಾವ ಪ್ರೇಷಕಕ್ಕೂ ಅವಕಾಶವಿಲ್ಲ. ಬ್ರಹ್ಮಾಂಡದ ತುಂಬ ಹರಡಿರುವ ಹೈಡ್ರೋಜನ್ ಪರಮಾಣು ಸಹಜವಾಗಿ ಸೂಸುವ ಅಲೆ 1420 ಮೆಗಾಹರ್ಟ್ಸ್ ಆಸುಪಾಸಿನದು, ಅದನ್ನು ಕೇಳಿಸಿಕೊಳ್ಳಲೆಂದು ಮನುಷ್ಯರೇ ಹಿಂದೆ ಸರಿದ ಜಾಗ ಅದು. ನಮ್ಮ ರಾಜ್ಯದಲ್ಲಿ ಇಂಥ ಕೇಳುವಿಕೆಯ ಹಳೆಯ ನೆಲೆ ಗೌರಿಬಿದನೂರು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ ದೂರದರ್ಶಕ 1976ರಿಂದ ಅಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿತು. ಅಲ್ಲೂ ಸುತ್ತ ಬೆಟ್ಟಗಳು, ಅಲ್ಲೂ ಅದೇ ಕಾರಣ. 1400ರಿಂದ 1427ರವರೆಗಿನ ಆ 27 ಮೆಗಾಹರ್ಟ್ಸ್‌ನಿಂದ ಸರ್ಕಾರಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಆದರೂ ಅದನ್ನು ಕಾಪಾಡುವುದು ಈ ಕಚೇರಿಗಳು ಮಾಡುವ ಘನವಾದ ಕೆಲಸಗಳಲ್ಲೊಂದು ಎಂದು ಹೇಳಲೇಬೇಕು.

ಕಾಮಾಕ್ಷಿಪಾಳ್ಯದ ಓಣಿಗಳಿಗೆ ಮರಳಿದರೆ, ಅಲ್ಲಿ ಶಿಸ್ತು ಮುರಿಯುವುದು ದುರುದ್ದೇಶದಿಂದಲ್ಲ, ಅನಿವಾರ್ಯ ಎನಿಸಿದಾಗ. ಶೀಟ್ ಮನೆಯೊಳಗೆ ನೆಟ್‌ವರ್ಕ್ ಸಿಗದವರು ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತಂದು ಹಾಕುತ್ತಾರೆ. ಛಾವಣಿಯಲ್ಲಿ ಒಂದು ಆಂಟೆನಾ, ಒಳಗೊಂದು, ನಡುವೆ ಪೆಟ್ಟಿಗೆ. ತಮ್ಮ ಫೋನಿಗೆ ನಾಲ್ಕು ಕಡ್ಡಿ ಸಿಕ್ಕಿತು, ಕೆಲಸ ಮುಗಿಯಿತು. ಆದರೆ ಆ ಪೆಟ್ಟಿಗೆ ಟವರ್ ಕಡೆಗೆ ತಮ್ಮ ದನಿಯ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಎರಚುತ್ತದೆ. ಟವರ್‌ಗೆ ಉಳಿದ ಫೋನ್‌ಗಳ ಸಣ್ಣ ದನಿ ಕೇಳಿಸದಂತಾಗುತ್ತದೆ, ಅಕ್ಕಪಕ್ಕದವರ ಕರೆ ಕಡಿದು ಬೀಳುತ್ತದೆ. ಅವರು ಕಂಪನಿಯನ್ನು ಬೈಯುತ್ತಾರೆ, ತಾವೂ ಒಂದು ಬೂಸ್ಟರ್ ತರುತ್ತಾರೆ.

ಅನುಮತಿಯಿಲ್ಲದ ಬೂಸ್ಟರ್ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧವೆಂದು ಇಲಾಖೆ ಸಾರಿ ಸಾರಿ ಹೇಳಿದೆ, 2022ರ ಜನವರಿಯಲ್ಲಿ ಜ್ಯಾಮರ್ ಮತ್ತು ಬೂಸ್ಟರ್ ಎರಡಕ್ಕೂ ಸೇರಿಸಿ ಎಚ್ಚರಿಕೆ ಕೊಟ್ಟಿದೆ. ಪತ್ತೆ ಹಚ್ಚುವ ವಿಧಾನ ತಿಳಿಯಲು ಸರಳ, ಮಾಡಲು ಕಷ್ಟ. ದಿಕ್ಕು ಗುರುತಿಸುವ ಆಂಟೆನಾ ಹೊತ್ತ ವಾಹನ ಒಂದು ಕಡೆ ನಿಂತು ಗದ್ದಲ ಯಾವ ದಿಕ್ಕಿನದೆಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತದೆ. ಇನ್ನೊಂದು ಕಡೆಯಿಂದ ಇನ್ನೊಂದು ಗೆರೆ, ಮತ್ತೊಂದು ಕಡೆಯಿಂದ ಮತ್ತೊಂದು. ಅವು ಕೂಡುವಲ್ಲಿ ಕಳ್ಳ. ಮಾಗಡಿ ರಸ್ತೆಯಂಥ ಕಡೆ ಅಲೆಗಳು ಕಟ್ಟಡಕ್ಕೆ ಬಡಿದು ಪುಟಿಯುವುದರಿಂದ ಗೆರೆಗಳು ಸುಳ್ಳು ಹೇಳುತ್ತವೆ. ಕೊನೆಗೆ ಕೈಯಲ್ಲಿ ಹಿಡಿಯುವ ಯಂತ್ರದೊಂದಿಗೆ ಮೆಟ್ಟಿಲು ಹತ್ತಿ ಮನೆ ಮನೆ ನೋಡಬೇಕು.

ವಾಕಿಟಾಕಿಯ ಕಥೆಯೂ ಇದೇ. 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಪರವಾನಗಿ ಬೇಡ. ಮಿಕ್ಕವಕ್ಕೆ ಬೇಕು. ಆದರೆ ಆನ್‌ಲೈನ್ ಅಂಗಡಿಗಳು ಇದನ್ನು ಹೇಳದೆಯೇ ಮಾರುತ್ತಿದ್ದವು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂಥ 16,970 ಮಾರಾಟದ ಪಟ್ಟಿಗಳನ್ನು ಗುರುತಿಸಿ ನೋಟಿಸ್ ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು. ಮದುವೆ ಛತ್ರದ ಸೆಕ್ಯುರಿಟಿಯವರ ಮಾತು ಪೊಲೀಸರ ಅಥವಾ ಆಂಬುಲೆನ್ಸ್‌ನವರ ಚಾನೆಲ್‌ಗೆ ಅಡ್ಡ ಬಂದರೆ ಏನಾಗಬಹುದು ಎಂದು ಊಹಿಸಲು ತಜ್ಞತೆ ಬೇಕಿಲ್ಲ.

ಸರ್ಕಾರವೇ ಗದ್ದಲ ಎಬ್ಬಿಸುವುದೂ ಉಂಟು. ಪರಪ್ಪನ ಅಗ್ರಹಾರದ ಜೈಲಿನೊಳಗೆ ಮೊಬೈಲ್ ಬಳಕೆ ತಡೆಯಲು ಹಾಕಿದ ಜ್ಯಾಮರ್‌ಗಳಿಂದ ಸುತ್ತಲಿನ ಬಡಾವಣೆಗಳ ನೆಟ್‌ವರ್ಕ್ ಕೂಡ ಹೋಗುತ್ತದೆಂದು ಅಲ್ಲಿನ ನಿವಾಸಿಗಳು ದೂರಿದ್ದಾರೆ. ಜೈಲಿನ ಗೋಡೆ ಕೈದಿಯನ್ನು ತಡೆಯಬಹುದು, ಅಲೆಯನ್ನು ತಡೆಯಲಾರದು. ಶಕ್ತಿ ಎಷ್ಟಿರಬೇಕು, ಆಂಟೆನಾ ಎತ್ತ ಮುಖ ಮಾಡಬೇಕು ಎಂಬ ಎಂಜಿನಿಯರಿಂಗ್ ಲೆಕ್ಕಕ್ಕೆ ಕೊಡಬೇಕಾದ ಸಮಯ ಕೊಡದಿದ್ದರೆ ತೆರುವವರು ಪಕ್ಕದ ಮನೆಯವರು.

ಮುಂಜಾಗ್ರತೆ ಹೇಗಿರಬೇಕು ಎನ್ನುವುದಕ್ಕೆ ವಿಮಾನ ನಿಲ್ದಾಣದ ಉದಾಹರಣೆ ಇದೆ. ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ರೇಡಿಯೊ ಆಲ್ಟಿಮೀಟರ್ 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. 5ಜಿಯ ಮುಖ್ಯ ಪಟ್ಟಿ 3.3 ಗಿಗಾಹರ್ಟ್ಸ್‌ನಿಂದ ಶುರು. ನಡುವೆ ಸಾಕಷ್ಟು ಜಾಗವಿದೆ, ಆದರೆ ಹಳೆಯ ಆಲ್ಟಿಮೀಟರ್‌ಗಳಿಗೆ ಪಕ್ಕದ ಸದ್ದನ್ನು ಹೊರಗಿಡುವ ಫಿಲ್ಟರ್ ಚೆನ್ನಾಗಿಲ್ಲ. ಹಾಗಾಗಿ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ರನ್‌ವೇಯ ಎರಡೂ ತುದಿಯಿಂದ 2.1 ಕಿಲೋಮೀಟರ್ ಮತ್ತು ಮಧ್ಯರೇಖೆಯಿಂದ 910 ಮೀಟರ್‌ವರೆಗೆ ಈ ಪಟ್ಟಿಯ 5ಜಿ ಟವರ್ ಬೇಡ ಎಂದಿತು. ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಈ ನಿಯಮ ಬಂತು. ಹೊಸ ಫೋನ್ ಹಿಡಿದ ಪ್ರಯಾಣಿಕರು ಬೇಸರ ಪಟ್ಟುಕೊಂಡಿರಬಹುದು. ಆದರೆ ಅಪಘಾತ ಆಗುವ ಮೊದಲೇ ಗೆರೆ ಹಾಕಿದ ಆ ನಿರ್ಧಾರ ಸರಿಯಾದದ್ದು.

ಸುದ್ದಿಯಾಗುವುದು ಮಾತ್ರ ಹಣ. ದೇಶವನ್ನು 22 ಸೇವಾ ವೃತ್ತಗಳಾಗಿ ಹಂಚಿ ಹರಾಜು ನಡೆಯುತ್ತದೆ, ಕರ್ನಾಟಕ ಇಡಿಯಾಗಿ ಒಂದು ವೃತ್ತ. ತಲಪಾಡಿ ದಾಟಿ ಮಂಜೇಶ್ವರದ ಕಡೆ ಹೋದ ಕನ್ನಡಿಗರ ಫೋನ್ ಕೇರಳದ ಟವರ್ ಹಿಡಿದು ರೋಮಿಂಗ್ ಶುಲ್ಕ ಕಡಿತವಾಗುತ್ತಿದ್ದ ದಿನಗಳನ್ನು ಕಾಸರಗೋಡಿನವರು ಮರೆತಿಲ್ಲ, ಅದು ಈ ವೃತ್ತದ ಗೆರೆಯ ಪ್ರತಾಪ. 2010ರ 3ಜಿ ಹರಾಜು 34 ದಿನ, 183 ಸುತ್ತು ನಡೆದು ₹67,718 ಕೋಟಿ ತಂದಿತು. ಕರ್ನಾಟಕ ವೃತ್ತದ ಒಂದು ತುಂಡಿನ ಬೆಲೆಯೇ ₹1,579.91 ಕೋಟಿ. ಹರಾಜು ಹಾಕದೆ ಮೊದಲು ಬಂದವರಿಗೆ ಮೊದಲು ಎಂದು 2008ರಲ್ಲಿ 2ಜಿ ಹಂಚಿದ್ದಕ್ಕೆ 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದುಮಾಡಿತು. 2022ರ 5ಜಿ ಹರಾಜಿನ ಮೊತ್ತ ₹1,50,173 ಕೋಟಿ. ಎರಡೇ ವರ್ಷದ ನಂತರ, 2024ರ ಜೂನ್‌ನಲ್ಲಿ, 10,500 ಮೆಗಾಹರ್ಟ್ಸ್‌ಗಿಂತ ಹೆಚ್ಚು ಮಾರಾಟಕ್ಕಿಟ್ಟರೆ ಹೋದದ್ದು 141.4 ಮಾತ್ರ. ಮಾರಾಟವಾಗದೆ ಉಳಿದ ತರಂಗಾಂತರ ಭೂಮಿಯಂತೆ ಮುಂದೆ ಬೆಲೆ ಬರಲಿ ಎಂದು ಕಾದಿರುವ ಆಸ್ತಿಯಲ್ಲ. ಇಂದು ಬಳಸದ ಅಲೆ ಇಂದಿಗೇ ನಷ್ಟ.

ತಪ್ಪು ಕೈಗೆ, ತಪ್ಪು ಬೆಲೆಗೆ ಕೊಟ್ಟರೆ ಏನಾಗುತ್ತದೆ ಎನ್ನುವುದರ ಪೂರ್ಣ ಪಾಠ ಬೆಂಗಳೂರಿನಲ್ಲೇ ನಡೆಯಿತು. ಇಸ್ರೊದ ವಾಣಿಜ್ಯ ಅಂಗ ಆಂಟ್ರಿಕ್ಸ್ 2005ರ ಜನವರಿ 28ರಂದು ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡು ಉಪಗ್ರಹಗಳ ಮೂಲಕ ಎಸ್-ಬ್ಯಾಂಡ್‌ನ 70 ಮೆಗಾಹರ್ಟ್ಸ್ ಬಳಸಲು ಅವಕಾಶ ಕೊಡುವ ಒಪ್ಪಂದ. ಉಪಗ್ರಹದ ಹೆಸರಿನಲ್ಲಿ ಹೋದ ಈ ಪಟ್ಟಿ ನೆಲದ ಮೇಲೂ ಬಂಗಾರ ಎಂದು ಎಲ್ಲರಿಗೂ ಅರಿವಾದದ್ದು 2010ರ ಹರಾಜಿನ ಬೆಲೆ ಕಂಡ ಮೇಲೆ. 2011ರ ಫೆಬ್ರುವರಿಯಲ್ಲಿ ಕೇಂದ್ರ ಒಪ್ಪಂದ ರದ್ದುಮಾಡಿತು. ಅಂತರರಾಷ್ಟ್ರೀಯ ಮಧ್ಯಸ್ಥಿಕೆ 2015ರಲ್ಲಿ ಆಂಟ್ರಿಕ್ಸ್ 56.25 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. 2021ರಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ದೇವಾಸನ್ನು ಮುಚ್ಚಲು ಆದೇಶಿಸಿತು, 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಂದದ ಮೂಲದಲ್ಲೇ ವಂಚನೆಯಿದೆ ಎಂದು ಅದನ್ನು ಎತ್ತಿಹಿಡಿಯಿತು. ಪರಿಹಾರದ ವ್ಯಾಜ್ಯ ಮಾತ್ರ ವಿದೇಶಿ ಕೋರ್ಟ್‌ಗಳಲ್ಲಿ ಮುಂದುವರಿದು 2025ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟನ್ನೂ ಮುಟ್ಟಿತು.

ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿ 9ರಂದೇ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿತ್ತು. ಸರ್ಕಾರದ ಏಕಸ್ವಾಮ್ಯವೂ ಬೇಡ, ಹಣವಂತರ ಏಕಸ್ವಾಮ್ಯವೂ ಬೇಡ ಎಂಬುದು ಅದರ ಒಟ್ಟು ಧಾಟಿ. ತೀರ್ಪಿನ ಮೊದಲ ಫಲ ಉಂಡದ್ದು ಬೆಂಗಳೂರು: 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ, ಈಗ 91.1ರಲ್ಲಿರುವ ರೇಡಿಯೊ ಸಿಟಿ, ಇಲ್ಲಿ ಶುರುವಾಯಿತು. ಹಾಗೆ ನೋಡಿದರೆ ಖಾಸಗಿ ಪ್ರಸಾರ ಕನ್ನಡ ನೆಲಕ್ಕೆ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವ್ಯಾಟ್ ಪ್ರೇಷಕ ಹಚ್ಚಿ ಪ್ರಸಾರ ಆರಂಭಿಸಿದ್ದರು. ಮುಂದೆ ಇಡೀ ದೇಶದ್ದಾದ ಆಕಾಶವಾಣಿ ಎಂಬ ಹೆಸರು ಬೆಳೆದದ್ದು ಆ ಮೈಸೂರು ಕೇಂದ್ರದಲ್ಲಿ.

ಆದರೆ ಹಣ ಕೊಡಲಾಗದವರಿಗೆ ಬಾಗಿಲು ತೆರೆಯಲು ತಡವಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಹೆಂಗಸರು, ಯುವಕರು ತಮ್ಮದೇ ಸ್ಟುಡಿಯೊದಲ್ಲಿ ಕಾರ್ಯಕ್ರಮ ಮಾಡಲು ಕಲಿತರು. ವಾಯ್ಸಸ್, ಮೈರಾಡ, ಯುನೆಸ್ಕೊ ಬೆನ್ನಿಗಿದ್ದವು, ಹೆಸರು ‘ನಮ್ಮ ಧ್ವನಿ’. ಪ್ರಸಾರ ಮಾಡಲು ಅನುಮತಿಯಿಲ್ಲ. ಅವರು ಬಿಡಲಿಲ್ಲ. 2003ರಲ್ಲಿ ಕೇಬಲ್ ಟಿವಿಯ ತಂತಿಯಲ್ಲೇ ದನಿಯನ್ನು ಮನೆ ಮನೆಗೆ ಹರಿಸಿದರು. ತಂತಿಯೊಳಗಿನ ದನಿಗೆ ತರಂಗಾಂತರ ಬೇಡವಲ್ಲ! 2002ರ ಕೊನೆಯ ನೀತಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಸಮುದಾಯ ಬಾನುಲಿಯ ಅವಕಾಶ ಕೊಟ್ಟಿತ್ತು, ಜನರ ಸಂಘಟನೆಗಳಿಗೆ ಅದು ಸಿಕ್ಕಿದ್ದು 2006ರ ನವೆಂಬರ್‌ನಲ್ಲಿ. ಬೂದಿಕೋಟೆಯಂಥ ಊರಿಗೆ ಬೇಕಿದ್ದುದು ಕೆಲವೇ ಕಿಲೋಮೀಟರ್ ತಲುಪುವ ಪುಟ್ಟ ಪ್ರೇಷಕ. ಸಮುದಾಯ ಕೇಂದ್ರಗಳ ಶಕ್ತಿ ಎಷ್ಟು ಕಡಿಮೆಯೆಂದರೆ 90.4 ಮೆಗಾಹರ್ಟ್ಸ್ ಒಂದನ್ನೇ ದೇಶದ ಹತ್ತಾರು ಊರುಗಳು ಪರಸ್ಪರ ಅಡ್ಡಿಯಾಗದೆ ಬಳಸುತ್ತಿವೆ, ಬೆಂಗಳೂರಿನ ರೇಡಿಯೊ ಆಕ್ಟಿವ್ ಕೂಡ. ಇಷ್ಟು ಅಗ್ಗದ ಅನುಮತಿಗೆ ಹಳ್ಳಿಯನ್ನು ವರ್ಷಗಟ್ಟಲೆ ಕಾಯಿಸಿದ್ದಕ್ಕೆ ತಾಂತ್ರಿಕ ಕಾರಣ ಯಾವುದೂ ಇರಲಿಲ್ಲ.

ಹರಾಜಿಗೆ ಹಾಕದೆ ಕೊಟ್ಟ ಅಲೆಗಳು ಏನು ಮಾಡಿವೆ ಎನ್ನುವುದಕ್ಕೆ ಬೆಂಗಳೂರಿನ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು ಸಾಕ್ಷಿ. ಡಬ್ಲ್ಯುಪಿಸಿಯ ಪರೀಕ್ಷೆ ಬರೆದು ‘ವಿಯು’ ಎಂದು ಶುರುವಾಗುವ ಕರೆಸಂಕೇತ ಪಡೆದ ಇವರಿಗಾಗಿ ಇಸ್ರೊ 2005ರ ಮೇ 5ರಂದು ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನೇ ಹಾರಿಸಿತು.

ಅದೇ 2005 ಇನ್ನೊಂದು ಕಾರಣಕ್ಕೂ ದೊಡ್ಡ ವರ್ಷ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಸರ್ಕಾರ ಪರವಾನಗಿಯಿಂದ ಮುಕ್ತಗೊಳಿಸಿತು. ಮೈಕ್ರೊವೇವ್ ಒಲೆಯಂಥ ಯಂತ್ರಗಳ ಗದ್ದಲ ಇರುವುದರಿಂದ ಬೆಲೆಯಿಲ್ಲದ್ದೆಂದು ಬದಿಗಿಟ್ಟಿದ್ದ ಜಾಗ ಅದು. ಅಲ್ಲಿ ವೈಫೈ ಬಂತು, ಬ್ಲೂಟೂತ್ ಬಂತು. ಅದೇ ವರ್ಷ ಮುಕ್ತವಾದ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಇಂದು ನೆಲಮಂಗಲದ ಟೋಲ್ ದಾಟುವ ಕಾರಿನ ಫಾಸ್ಟ್ಯಾಗ್ ಮಿಡಿಯುತ್ತದೆ. 2018ರಲ್ಲಿ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್ ಜಾಗವೂ ಮುಕ್ತವಾಯಿತು. ಕಾಮಾಕ್ಷಿಪಾಳ್ಯದ ಸಣ್ಣ ಘಟಕವೊಂದು ತನ್ನ ಯಂತ್ರಕ್ಕೆ ವೈಫೈ ಚಿಪ್ ಜೋಡಿಸಿ ಮಾರಬೇಕೆಂದರೆ ಹರಾಜಿನಲ್ಲಿ ಕೂರಬೇಕಿಲ್ಲ, ಉಪಕರಣ ಮಿತಿಯೊಳಗಿದೆ ಎಂದು ‘ಸರಳ ಸಂಚಾರ’ ಪೋರ್ಟಲ್‌ನಲ್ಲಿ ಅನುಮೋದನೆ ಪಡೆದರಾಯಿತು. ಖಜಾನೆಗೆ ನೇರವಾಗಿ ಏನನ್ನೂ ತರದ ಈ ಪಟ್ಟಿಗಳ ಮೇಲೆ ನಿಂತಿರುವ ದುಡಿಮೆ ಎಷ್ಟೆಂದು ಹರಾಜಿನ ಅಂಕಿಗಳು ತೋರಿಸುವುದಿಲ್ಲ.

ಈಚಿನ ಜಗಳ 6 ಗಿಗಾಹರ್ಟ್ಸ್‌ನದು. ಮೊಬೈಲ್ ಕಂಪನಿಗಳಿಗೆ ಅದು ಮುಂದಿನ ಪೀಳಿಗೆಯ ಜಾಲಕ್ಕೆ ಬೇಕು, ತಂತ್ರಜ್ಞಾನ ಕಂಪನಿಗಳಿಗೆ ವೈಫೈಗೆ ಬೇಕು. 2025ರ ಮೇ ತಿಂಗಳ ಕರಡು ನಿಯಮದಲ್ಲಿ ಸರ್ಕಾರ ಕೆಳಗಿನ ಭಾಗವನ್ನು, 5925ರಿಂದ 6425 ಮೆಗಾಹರ್ಟ್ಸ್‌ವರೆಗೆ, ವೈಫೈಗೆ ಮುಕ್ತಗೊಳಿಸುವ ಪ್ರಸ್ತಾಪ ಮಾಡಿತು. ಕರಡಿನ ಷರತ್ತುಗಳು: ಮನೆಯೊಳಗೆ ಕಡಿಮೆ ಶಕ್ತಿ, ಹೊರಗೆ ಇನ್ನೂ ಕಡಿಮೆ, ಸಮುದ್ರದ ತೈಲ ವೇದಿಕೆಗಳಲ್ಲಿ ಬಳಸುವಂತಿಲ್ಲ. ನೆಲದಿಂದ ಸಂವಹನ ಉಪಗ್ರಹಗಳಿಗೆ ಸಂಕೇತ ಏರಿಸಲು ದಶಕಗಳಿಂದ ಬಳಕೆಯಲ್ಲಿರುವ ಸಿ-ಬ್ಯಾಂಡ್ ಇದೇ ಆದ್ದರಿಂದ, ಕೆಳಗಿನ ಲಕ್ಷಾಂತರ ರೂಟರ್‌ಗಳ ಸದ್ದು ಒಟ್ಟಾಗಿ ಮೇಲಿನ ಉಪಗ್ರಹದ ಕಿವಿ ತುಂಬದಂತೆ ಆ ಮಿತಿಗಳನ್ನು ಲೆಕ್ಕ ಹಾಕಲಾಗಿದೆ.